ವೈನ್ ಸಂಗ್ರಹ ಮತ್ತು ಕುಡಿಯುವ ಕಾಲ: ಬಿಸಿಲು ನಾಡಿನ ಲೆಕ್ಕವೇ ಬೇರೆ

ಬಸವಕಲ್ಯಾಣ/ಹುಮನಾಬಾದ್: ವಿದೇಶದಿಂದ ಬಂದ ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ಒಂದು ಬಾಟಲಿ ಉತ್ತಮ ವೈನ್. ಶುಭ ಸಂದರ್ಭಕ್ಕೆ ಇರಲಿ ಎಂದು ಅದನ್ನು ನಡುಮನೆಯ ಗಾಜಿನ ಕಪಾಟಿನಲ್ಲಿ ನಿಲ್ಲಿಸಿಡಲಾಗುತ್ತದೆ. ವರ್ಷಗಳು ಉರುಳುತ್ತವೆ. ಮಗಳ ಮದುವೆಯ ಮರುದಿನವೋ ನಿವೃತ್ತಿಯ ಸಂಜೆಯೋ ಬಿರಡೆ ತೆಗೆದಾಗ ಲೋಟಕ್ಕೆ ಇಳಿಯುವುದು ಕಂದುಬಣ್ಣದ, ಬೇಯಿಸಿದ ಹಣ್ಣಿನ ವಾಸನೆಯ, ಹುಳಿ ತಿರುಗಿದ ದ್ರವ. ವೈನ್ ಹಳತಾದಷ್ಟೂ ಉತ್ತಮ ಎಂಬ ಜನಜನಿತ ನಂಬಿಕೆಯೇ ಈ ನಷ್ಟಕ್ಕೆ ಕಾರಣ. ಆ ನಂಬಿಕೆ ಹುಟ್ಟಿದ್ದು ತಂಪು ನಾಡಿನ ನೆಲಮಾಳಿಗೆಗಳಲ್ಲಿ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿಯ ಆಸುಪಾಸು ಸುಳಿದಾಡುವ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಂಥ ಪ್ರದೇಶಕ್ಕೆ ಅದು ಹಾಗೆಯೇ ಅನ್ವಯಿಸುವುದಿಲ್ಲ.

ವೈನ್ ಸಂಗ್ರಹದ ಮೂಲತತ್ವಗಳು, ಬಿಸಿಲು ನಾಡಿನಲ್ಲಿ ಅವುಗಳ ಮಿತಿ ಹಾಗೂ ಯಾವ ವೈನ್ ಅನ್ನು ಯಾವಾಗ ತೆರೆಯಬೇಕು ಎಂಬ ವಿವರ ಇಲ್ಲಿದೆ.

ಕಲ್ಯಾಣದ ಹಿನ್ನೆಲೆ

ಪಾನೀಯಕ್ಕೂ ಕಾಲಕ್ಕೂ ಇರುವ ಸಂಬಂಧದ ಚಿಂತನೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ಚಾಲುಕ್ಯ ಅರಸ, ಭೂಲೋಕಮಲ್ಲನೆಂದು ಬಿರುದಾಂಕಿತನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಐದು ವಿಂಶತಿಗಳ, ನೂರು ಅಧ್ಯಾಯಗಳ ವಿಶ್ವಕೋಶ. ಅದರ ಪಾನೀಯಭೋಗ ಎಂಬ ಅಧ್ಯಾಯವು ಯಾವ ಋತುವಿನಲ್ಲಿ ಯಾವ ಮೂಲದ ನೀರು ಹಿತಕರ ಎಂಬುದನ್ನು ವಿವೇಚಿಸುತ್ತದೆ. ಕ್ರೀಡೆಗಳನ್ನು ವರ್ಣಿಸುವ ಐದನೆಯ ವಿಂಶತಿಯಲ್ಲಿ ಮದಿರಾಪಾನ ಕ್ರೀಡೆಗೂ ಒಂದು ಅಧ್ಯಾಯ ಮೀಸಲಾಗಿದೆ.

ಅದೇ ಶತಮಾನದಲ್ಲಿ ಕಲ್ಯಾಣವು ಶರಣರ ಕರ್ಮಭೂಮಿಯಾಯಿತು. ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ವಚನಕಾರರ ಸಾಲಿನಲ್ಲಿದ್ದು, ಅವನ ವಚನಗಳಲ್ಲಿ ಹೆಂಡವು ಅನುಭಾವದ ಪ್ರತಿಮೆಯಾಗಿ ಬಳಕೆಯಾಗಿದೆ. ಹೆಂಡವಾದರೋ ಕಾಯಲು ಬಾರದ ಪಾನೀಯ. ಮರದಿಂದ ಇಳಿದ ಗಳಿಗೆಯಿಂದಲೇ ಹುದುಗಲಾರಂಭಿಸಿ, ಒಂದೆರಡು ದಿನದೊಳಗೆ ಹುಳಿಯೇರಿ ಕೆಡುತ್ತದೆ. ವೈನ್ ಕೂಡ ಹುದುಗಿದ ರಸವೇ. ಆದರೆ ಅದರಲ್ಲಿ ಕೆಲವೇ ಕೆಲವು ಬಗೆಗಳಿಗೆ ದಶಕಗಳ ಕಾಲ ಉಳಿದು ಉತ್ತಮಗೊಳ್ಳುವ ಗುಣವಿದೆ. ಉಳಿದವು ಹೆಂಡದಷ್ಟು ಅವಸರದವಲ್ಲದಿದ್ದರೂ ದೀರ್ಘಾಯುಷಿಗಳೂ ಅಲ್ಲ.

ವೈನ್ ಮಾಗುವುದೆಂದರೇನು?

ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಕೆಂಪು ವೈನ್‌ಗೆ ಟ್ಯಾನಿನ್ ಎಂಬ ಒಗರಿನ ಅಂಶ ಸೇರುತ್ತದೆ. ಹೊಸ ವೈನ್ ನಾಲಿಗೆಯನ್ನು ಹಿಡಿದಂತೆ ಭಾಸವಾಗಲು ಇದೇ ಕಾರಣ. ಬಾಟಲಿಯೊಳಗೆ ವರ್ಷಗಳು ಕಳೆದಂತೆ ಟ್ಯಾನಿನ್ ಕಣಗಳು ಪರಸ್ಪರ ಹಾಗೂ ಬಣ್ಣದ ಕಣಗಳೊಂದಿಗೆ ಬೆಸೆದುಕೊಂಡು ದೊಡ್ಡದಾಗಿ, ಕೊನೆಗೆ ಗಸಿಯಾಗಿ ತಳದಲ್ಲಿ ಕೂರುತ್ತವೆ. ಒಗರು ಮೃದುವಾಗುತ್ತದೆ, ನೇರಳೆ ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ತಾಜಾ ಹಣ್ಣಿನ ಪರಿಮಳ ಹಿಂದೆ ಸರಿದು ಒಣಹಣ್ಣು, ಚರ್ಮ, ಮಳೆ ಬಿದ್ದ ಮಣ್ಣಿನಂಥ ವಾಸನೆಗಳು ಮುಂದೆ ಬರುತ್ತವೆ. ಬಿಳಿ ವೈನ್ ಇದಕ್ಕೆ ವಿರುದ್ಧವಾಗಿ, ವಯಸ್ಸಾದಂತೆ ಗಾಢವಾಗಿ ಹೊಂಬಣ್ಣಕ್ಕೆ ತಿರುಗುತ್ತದೆ.

ಈ ಬದಲಾವಣೆಯನ್ನು ತಾಳಿಕೊಳ್ಳಬೇಕಾದರೆ ವೈನ್‌ನಲ್ಲಿ ಆಧಾರಸ್ತಂಭಗಳಿರಬೇಕು. ಅವು ನಾಲ್ಕು: ಒಗರು, ಆಮ್ಲೀಯತೆ, ಸಿಹಿ ಮತ್ತು ಮದ್ಯಸಾರ. ಇವುಗಳಲ್ಲಿ ಒಂದೆರಡಾದರೂ ಸಮೃದ್ಧವಾಗಿದ್ದು, ಜತೆಗೆ ಹಣ್ಣಿನ ಸಾರ ಸಾಂದ್ರವಾಗಿದ್ದರೆ ಮಾತ್ರ ಕಾಯುವುದರಲ್ಲಿ ಅರ್ಥವಿದೆ. ಇಲ್ಲದಿದ್ದರೆ ಕಾಲವು ಇರುವ ಹಣ್ಣಿನ ಸೊಗಸನ್ನೂ ಕಸಿಯುತ್ತದೆ, ಪ್ರತಿಯಾಗಿ ಏನನ್ನೂ ಕೊಡುವುದಿಲ್ಲ. ಜಗತ್ತಿನಲ್ಲಿ ತಯಾರಾಗುವ ವೈನ್‌ನ ಬಹುಪಾಲು ಒಂದೆರಡು ವರ್ಷದೊಳಗೆ ಕುಡಿಯಲೆಂದೇ ರೂಪುಗೊಂಡದ್ದು ಎಂಬುದು ಗಮನಾರ್ಹ.

ವೈನ್‌ನ ಶತ್ರುಗಳು

ಉಷ್ಣಾಂಶ: ಸಂಗ್ರಹಕ್ಕೆ 12ರಿಂದ 14 ಡಿಗ್ರಿ ಸೆಲ್ಸಿಯಸ್ ಆದರ್ಶವೆಂದು ಪರಿಗಣಿಸಲಾಗಿದೆ. ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ನಿಯಮ. ಈ ಲೆಕ್ಕದಲ್ಲಿ 13 ಡಿಗ್ರಿಯಲ್ಲಿ ಎಂಟು ವರ್ಷ ಬಾಳುವ ವೈನ್ 33 ಡಿಗ್ರಿಯಲ್ಲಿ ಎರಡೇ ವರ್ಷದಲ್ಲಿ ಮುಗಿಯುತ್ತದೆ. ಹಾಗೆಂದು ಬೇಗನೆ ಮಾಗಿತೆಂದು ಸಂತೋಷಪಡುವಂತಿಲ್ಲ. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲವಾದ್ದರಿಂದ, ಬಿಸಿಯಲ್ಲಿ ಇಟ್ಟ ವೈನ್ ಮಾಗುವ ಬದಲು ಬೇಯುತ್ತದೆ.

ಏರಿಳಿತ: ಹಗಲು ಹಿಗ್ಗಿ ರಾತ್ರಿ ಕುಗ್ಗುವ ದ್ರವವು ಬಿರಡೆಯನ್ನು ತಳ್ಳುತ್ತ ಸೆಳೆಯುತ್ತ ಹೊರಗಿನ ಗಾಳಿಗೆ ದಾರಿ ಮಾಡಿಕೊಡುತ್ತದೆ. ಬಿರಡೆಯ ಅಂಚಿನಲ್ಲಿ ಜಿನುಗಿದ ಅಂಟು ಕಲೆ ಇದ್ದರೆ ಆ ಬಾಟಲಿ ಬಿಸಿಲುಂಡಿದೆ ಎಂದೇ ಶಂಕಿಸಬೇಕು.

ಬೆಳಕು: ಸೂರ್ಯನ ಹಾಗೂ ಟ್ಯೂಬ್‌ಲೈಟಿನ ಬೆಳಕು ವೈನ್‌ನಲ್ಲಿರುವ ರೈಬೋಫ್ಲೇವಿನ್ ಮತ್ತು ಅಮೈನೊ ಆಮ್ಲಗಳ ನಡುವೆ ಕ್ರಿಯೆ ಉಂಟುಮಾಡಿ, ಬೇಯಿಸಿದ ಎಲೆಕೋಸಿನಂಥ ಗಂಧಕದ ವಾಸನೆಗೆ ಕಾರಣವಾಗುತ್ತದೆ. ಬಿಳಿ ಗಾಜಿನ ಬಾಟಲಿಗೆ ಅಪಾಯ ಹೆಚ್ಚು. ಹಸಿರು, ಕಂದು ಗಾಜು ಒಂದಿಷ್ಟು ರಕ್ಷಣೆ ನೀಡುತ್ತದೆ. ಈ ದೃಷ್ಟಿಯಿಂದ ದೀಪ ಹಾಕಿದ ಗಾಜಿನ ಕಪಾಟು ಅತ್ಯಂತ ಅನುಚಿತ ಸ್ಥಳ.

ಒಣಹವೆ: ಓಕ್ ತೊಗಟೆಯ ಬಿರಡೆ ಒಣಗಿದರೆ ಕುಗ್ಗಿ ಗಾಳಿಯನ್ನು ಒಳಬಿಡುತ್ತದೆ. ಆದ್ದರಿಂದಲೇ ಬಾಟಲಿಯನ್ನು ಮಲಗಿಸಿ, ವೈನ್ ಸದಾ ಬಿರಡೆಗೆ ತಾಗಿರುವಂತೆ ಇಡುವುದು ರೂಢಿ. 60ರಿಂದ 70 ಶೇಕಡಾ ಆರ್ದ್ರತೆ ಅನುಕೂಲಕರ. ತಿರುಪು ಮುಚ್ಚಳದ ಬಾಟಲಿಗೆ ಈ ಕಟ್ಟಳೆಯಿಲ್ಲ.

ನೆಲಮಾಳಿಗೆ ತೋಡಿದರೆ ಸಾಕೆ?

ಹಾಗಾದರೆ ಮನೆಯ ಕೆಳಗೆ ನೆಲಮಾಳಿಗೆ ತೋಡಿದರೆ ಸಮಸ್ಯೆ ಪರಿಹಾರವಾಗುವುದೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಭೂಮಿಯ ಉಷ್ಣಾಂಶದಲ್ಲಿದೆ.

ನೆಲದಾಳಕ್ಕೆ ಇಳಿದಂತೆ ಹಗಲು-ರಾತ್ರಿಗಳ ವ್ಯತ್ಯಾಸ ಮೊದಲ ಒಂದು ಮೀಟರಿನೊಳಗೇ ಅಳಿಸಿಹೋಗುತ್ತದೆ. ಹತ್ತು ಮೀಟರಿನ ಆಸುಪಾಸಿನಲ್ಲಿ ಬೇಸಿಗೆ-ಚಳಿಗಾಲಗಳ ವ್ಯತ್ಯಾಸವೂ ಬಹುಮಟ್ಟಿಗೆ ಮಾಯವಾಗುತ್ತದೆ. ಅಲ್ಲಿ ವರ್ಷವಿಡೀ ಉಳಿಯುವುದು ಆ ಊರಿನ ವಾರ್ಷಿಕ ಸರಾಸರಿಗೆ ಹತ್ತಿರವಾದ ಉಷ್ಣಾಂಶ. ಫ್ರಾನ್ಸ್‌ನ ಶಾಂಪೇನ್ ಪ್ರಾಂತ್ಯದ ಸುಣ್ಣಕಲ್ಲಿನ ನೆಲಮಾಳಿಗೆಗಳು 10ರಿಂದ 12 ಡಿಗ್ರಿಯಲ್ಲಿರಲು ಅಲ್ಲಿನ ವಾರ್ಷಿಕ ಸರಾಸರಿಯೇ ಅಷ್ಟಿರುವುದು ಕಾರಣ. ಬೋರ್ಡೊ ಪ್ರಾಂತ್ಯದಲ್ಲಿ ಅದು 13-14 ಡಿಗ್ರಿ. ಅಲ್ಲಿ ನೆಲವೇ ಪುಕ್ಕಟೆ ಶೀತಲಗೃಹ.

ಬೀದರ್ ಜಿಲ್ಲೆ 600 ಮೀಟರಿಗೂ ಮಿಕ್ಕಿದ ಎತ್ತರದಲ್ಲಿದ್ದರೂ ಇಲ್ಲಿನ ವಾರ್ಷಿಕ ಸರಾಸರಿ ಸುಮಾರು 26 ಡಿಗ್ರಿ. ಎಷ್ಟೇ ಆಳ ತೋಡಿದರೂ ನೆಲ ಅದಕ್ಕಿಂತ ಹೆಚ್ಚು ತಣ್ಣಗಾಗುವುದಿಲ್ಲ. ಬಸವಕಲ್ಯಾಣದ ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿಗಳಂಥ ತಾಣಗಳಿಗೆ ಬೇಸಿಗೆಯಲ್ಲಿ ಹೊಕ್ಕವರಿಗೆ ತಂಪೆನಿಸುವುದು ಹೊರಗಿನ ಉರಿಬಿಸಿಲಿನ ಹೋಲಿಕೆಯಿಂದಲೇ. ಡಿಸೆಂಬರಿನ ಮುಂಜಾವಿನಲ್ಲಿ ಇಂಥ ಜಾಗಗಳೇ ಬೆಚ್ಚಗೆ ತೋರುತ್ತವೆ. ಬದಲಾಗುವುದು ಗವಿಯಲ್ಲ, ಹೊರಗಿನ ಹವೆ.

ಅಂದರೆ ಈ ಭಾಗದಲ್ಲಿ ನೆಲಮಾಳಿಗೆಯು ಸ್ಥಿರತೆಯನ್ನು ಕೊಡಬಲ್ಲದು, ಕತ್ತಲೆಯನ್ನು ಕೊಡಬಲ್ಲದು; ತಂಪನ್ನು ಕೊಡಲಾರದು. ಸರಾಸರಿ 24 ಡಿಗ್ರಿಯ ಬೆಂಗಳೂರಿಗೂ ಈ ಮಾತು ಅನ್ವಯಿಸುತ್ತದೆ. ಕನ್ನಡಿಗರಿಗೆ ಪರಿಚಿತವಾದ ಊರುಗಳಲ್ಲಿ ಬರಿಯ ನೆಲಮಾಳಿಗೆಯೇ ಸಾಕಾಗುವಷ್ಟು ತಂಪಿರುವುದು ನೆರೆಯ ಉದಕಮಂಡಲದಂಥ ಗಿರಿಧಾಮದಲ್ಲಿ ಮಾತ್ರ.

ಹಗೇವು ಕಲಿಸುವ ಪಾಠ

ಉತ್ತರ ಕರ್ನಾಟಕದ ರೈತರಿಗೆ ನೆಲದಡಿಯ ಸಂಗ್ರಹ ಚಿರಪರಿಚಿತ. ಜೋಳವನ್ನು ವರ್ಷಗಟ್ಟಲೆ ಕಾಪಿಡುತ್ತಿದ್ದ ಹಗೇವು ಎಂಬ ನೆಲಗಣಜಕ್ಕೆ ಗಡಿಯಾಚೆಯ ಮರಾಠಿಯಲ್ಲಿ ಪೇವ್ ಎಂದು ಹೆಸರು. ಒಣನೆಲದಲ್ಲಿ ಕುಣಿ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಲಾಗುತ್ತಿತ್ತು. ಕಾಳಿನ ಉಸಿರಾಟದಿಂದ ಒಳಗಿನ ಆಮ್ಲಜನಕ ಕ್ಷೀಣಿಸಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ಹುಳುಗಳು ಬದುಕುತ್ತಿರಲಿಲ್ಲ. ಅದೇ ಕಾರಣಕ್ಕೆ ಹಗೇವು ತೆರೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ಆರದಿರುವುದನ್ನು ಕಂಡ ಮೇಲಷ್ಟೇ ಇಳಿಯುತ್ತಿದ್ದರು.

ಹಗೇವಿನ ಯಶಸ್ಸಿಗೆ ತಂಪಿಗಿಂತ ಮುಖ್ಯವಾದದ್ದು ಗಾಳಿಯ ನಿರ್ಬಂಧ ಮತ್ತು ತೇವವಿಲ್ಲದ ಸ್ಥಿರತೆ. ಒಣ ಜೋಳಕ್ಕೆ 26 ಡಿಗ್ರಿ ಸಮಸ್ಯೆಯಲ್ಲ. ದ್ರವರೂಪದ ವೈನ್‌ಗೆ ಅದು ಸಮಸ್ಯೆ. ಆದರೆ ಇನ್ನೊಂದು ಪಾಠ ಎರಡಕ್ಕೂ ಸಮಾನ. ಹಗೇವನ್ನು ಒಮ್ಮೆ ತೆರೆದರೆ ಗಾಳಿಯಾಡಿದ ಕಾಳನ್ನು ಹಾಗೆಯೇ ಬಿಡುವಂತಿರಲಿಲ್ಲ, ಹೊರತೆಗೆದು ಬಳಸಬೇಕಿತ್ತು. ಬಾಟಲಿಯ ವಿಷಯವೂ ಹಾಗೆಯೇ.

ಮನೆಯಲ್ಲಿ ಮಾಡಬಹುದಾದ ವ್ಯವಸ್ಥೆ

ಆರು ತಿಂಗಳೊಳಗೆ ಕುಡಿಯುವ ವೈನ್‌ಗೆ ಅಡುಗೆಮನೆಯ ರೆಫ್ರಿಜರೇಟರ್ ಸಾಕು. ಅಲ್ಲಿನ 4-5 ಡಿಗ್ರಿ ತಂಪಿನಿಂದ ವೈನ್ ಮಾಗುವುದು ಬಹುತೇಕ ನಿಂತುಹೋಗುತ್ತದೆ; ಹವೆ ಒಣಗಿರುವುದರಿಂದ ವರ್ಷಗಟ್ಟಲೆ ಇಡುವುದು ತರವಲ್ಲ. ಆದರೂ ಮಾರ್ಚ್‌ನಿಂದ ಜೂನ್‌ವರೆಗಿನ ಬಿಸಿಲಿನಲ್ಲಿ ಕಪಾಟಿಗಿಂತ ಅದೇ ಮೇಲು.

ರೆಫ್ರಿಜರೇಟರಿನಲ್ಲಿ ಸ್ಥಳವಿಲ್ಲದಿದ್ದರೆ ಮನೆಯ ನಡುವಿನ, ಹೊರಗೋಡೆಗೆ ತಾಗದ, ಕೆಳ ಅಂತಸ್ತಿನ ಕತ್ತಲೆಯ ಮೂಲೆಯನ್ನು ಆರಿಸಬೇಕು. ಬಾಟಲಿಗಳನ್ನು ದಪ್ಪ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮಲಗಿಸಿಟ್ಟರೆ ಹಗಲು-ರಾತ್ರಿಯ ಏರಿಳಿತವಾದರೂ ತಗ್ಗುತ್ತದೆ. ಛಾವಣಿಯ ಕೆಳಗಿನ ಅಟ್ಟ, ಒಲೆಯ ಪಕ್ಕ, ರೆಫ್ರಿಜರೇಟರಿನ ನೆತ್ತಿ ವರ್ಜ್ಯ.

ನಿಜವಾಗಿಯೂ ವರ್ಷಗಟ್ಟಲೆ ಕಾಯಬೇಕೆಂದರೆ ವೈನ್‌ಗೆಂದೇ ಇರುವ ಶೀತಲ ಕಪಾಟು ಅನಿವಾರ್ಯ. ಕೊಳ್ಳುವಾಗ ಒಂದು ಅಂಶ ಗಮನಿಸಬೇಕು. ಕಂಪ್ರೆಸರ್ ಇಲ್ಲದ ಥರ್ಮೊಎಲೆಕ್ಟ್ರಿಕ್ ಮಾದರಿಗಳು ಅಗ್ಗ ಮತ್ತು ನಿಶ್ಶಬ್ದ, ಆದರೆ ಅವು ಕೋಣೆಯ ಉಷ್ಣಾಂಶಕ್ಕಿಂತ ಒಂದು ಮಿತಿಯಷ್ಟು ಮಾತ್ರ ತಂಪು ಮಾಡಬಲ್ಲವು. 38 ಡಿಗ್ರಿಯ ಕೋಣೆಯಲ್ಲಿ ಅವು 13 ಡಿಗ್ರಿಯನ್ನು ತಲುಪುವುದು ದುಸ್ತರ. ಬಿಸಿಲು ನಾಡಿಗೆ ಕಂಪ್ರೆಸರ್ ಮಾದರಿಯೇ ಯೋಗ್ಯ. ವಿದ್ಯುತ್ ಕಡಿತವಾದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಕಪಾಟು ಹಲವು ಗಂಟೆ ತಂಪನ್ನು ಹಿಡಿದಿಡುತ್ತದೆ. ಖಾಲಿ ಕಪಾಟು ಬೇಗ ಬಿಸಿಯಾಗುತ್ತದೆ.

ಸಾಗಣೆಯ ಕಡೆಗೂ ಗಮನ ಅಗತ್ಯ. ಪುಣೆಯಿಂದ ಸೊಲ್ಲಾಪುರ, ಹುಮನಾಬಾದ್ ಮಾರ್ಗವಾಗಿ ಹೈದರಾಬಾದ್ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಏಪ್ರಿಲ್ ಮಧ್ಯಾಹ್ನ ಊಟಕ್ಕೆಂದು ನಿಲ್ಲಿಸಿದ ಕಾರಿನ ಒಳಗೆ ಉಷ್ಣಾಂಶ 50 ಡಿಗ್ರಿ ದಾಟಬಹುದು. ಹತ್ತು ವರ್ಷ ಬಾಳಬೇಕಾದ ಬಾಟಲಿ ಮನೆ ಸೇರುವ ಮುನ್ನವೇ ಕೆಡಲು ಅಂಥ ಒಂದು ಮಧ್ಯಾಹ್ನ ಸಾಕು.

ಯಾವುದು ಎಷ್ಟು ಕಾಲ?

ಕೆಳಗಿನ ಅವಧಿಗಳನ್ನು ದ್ರಾಕ್ಷಿ ಕೊಯ್ಲಿನ ವರ್ಷದಿಂದ ಎಣಿಸಬೇಕು. ಇವು 12-14 ಡಿಗ್ರಿಯ ಸುಸಜ್ಜಿತ ಸಂಗ್ರಹಕ್ಕೆ ಸಂಬಂಧಿಸಿದ ಸ್ಥೂಲ ಮಾರ್ಗಸೂಚಿಗಳು.

- ರೋಸೆ: 1ರಿಂದ 2 ವರ್ಷ.
- ಸೋವಿನ್ಯೊನ್ ಬ್ಲಾಂಕ್, ಭಾರತೀಯ ಶೆನಿನ್ ಬ್ಲಾಂಕ್ ಮೊದಲಾದ ಬಿಳಿ ವೈನ್: 1ರಿಂದ 3 ವರ್ಷ.
- ಓಕ್ ಪೀಪಾಯಿಯಲ್ಲಿ ಇರಿಸಿದ ಶಾರ್ಡನೆ: 3ರಿಂದ 5 ವರ್ಷ.
- ಸಾಧಾರಣ ಬೆಲೆಯ ಕೆಂಪು ವೈನ್: 2ರಿಂದ 3 ವರ್ಷ.
- ರಿಸರ್ವ್ ದರ್ಜೆಯ ಭಾರತೀಯ ಕೆಬರ್ನೆ, ಶಿರಾಜ್: 3ರಿಂದ 7 ವರ್ಷ.
- ಬೋರ್ಡೊದ ಶ್ರೇಷ್ಠ ಕೆಂಪು, ಇಟಲಿಯ ಬರೋಲೊ: 10ರಿಂದ 25 ವರ್ಷ.
- ಸೋತರ್ನ್, ಟೊಕಾಯಿಯಂಥ ಸಿಹಿ ವೈನ್: 10ರಿಂದ 30 ವರ್ಷ.
- ಪೋರ್ಚುಗಲ್‌ನ ವಿಂಟೇಜ್ ಪೋರ್ಟ್: 20ರಿಂದ 40 ವರ್ಷ.

ನಮ್ಮಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಸಿಹಿ ವೈನ್‌ಗಳಿಗೂ ಪೋರ್ಚುಗಲ್‌ನ ವಿಂಟೇಜ್ ಪೋರ್ಟ್‌ಗೂ ಹೆಸರಷ್ಟೇ ಸಾಮ್ಯ. ಅವನ್ನು ಕೂಡಿಡುವುದರಿಂದ ಪ್ರಯೋಜನವಿಲ್ಲ.

ಬಿಸಿಲಿಗೆ ಜಗ್ಗದ ವೈನ್ ಒಂದಿದ್ದರೆ ಅದು ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದ್ದು. ಹಡಗುಗಳಲ್ಲಿ ಉಷ್ಣವಲಯವನ್ನು ದಾಟಿ ಬಂದ ಪೀಪಾಯಿಗಳ ವೈನ್ ಕೆಡುವ ಬದಲು ರುಚಿಗೊಂಡದ್ದನ್ನು ಕಂಡ ಅಲ್ಲಿನವರು ಕ್ರಮೇಣ ವೈನ್ ಅನ್ನು ಬೇಕೆಂದೇ ಕಾಯಿಸತೊಡಗಿದರು. ಇಂದಿಗೂ ಅದರ ಸಾಮಾನ್ಯ ದರ್ಜೆಗಳನ್ನು 45-50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಇರಿಸಲಾಗುತ್ತದೆ. ಬೆಂಕಿಯಲ್ಲಿ ಮಿಂದು ಬಂದದ್ದಕ್ಕೆ ಹುಮನಾಬಾದಿನ ಬೇಸಿಗೆ ಹೊಸದೇನಲ್ಲ. ತೆರೆದ ಮೇಲೂ ತಿಂಗಳುಗಟ್ಟಲೆ ಉಳಿಯುವುದು ಅದರ ವೈಶಿಷ್ಟ್ಯ.

ರಾಜ್ಯದ ವೈನ್‌ಗಳ ಸ್ಥಿತಿ

ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಸ್ಥಾಪನೆಯಾದ ಗ್ರೋವರ್ ವಿನ್ಯಾರ್ಡ್ಸ್ ರಾಜ್ಯದಲ್ಲಿ ಯುರೋಪಿಯನ್ ತಳಿಗಳ ವೈನ್ ತಯಾರಿಕೆಗೆ ಬುನಾದಿ ಹಾಕಿತು. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ ವೈನ್ ಮಂಡಳಿಯನ್ನು ರಚಿಸಿತು. ಬಳಿಕ ಹಂಪಿ ಬೆಟ್ಟಸಾಲಿನ ಕೃಷ್ಮಾ ಸೇರಿದಂತೆ ಉತ್ತರದ ಒಣನಾಡಿನಲ್ಲೂ ವೈನ್ ತೋಟಗಳು ತಲೆಯೆತ್ತಿದವು.

ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ಇಲ್ಲಿನ ಬಳ್ಳಿಗೆ ಆ ವಿಶ್ರಾಂತಿಯಿಲ್ಲ. ವರ್ಷಕ್ಕೆ ಎರಡು ಬಾರಿ ಸವರಿ, ಫೆಬ್ರುವರಿ-ಮಾರ್ಚ್ ವೇಳೆಗೆ ಕೊಯ್ಲು ಬರುವಂತೆ ಬೆಳೆಸಲಾಗುತ್ತದೆ. ಬೆಚ್ಚನೆಯ ಹವೆಯಲ್ಲಿ ಹಣ್ಣಿನ ಸಕ್ಕರೆ ಬೇಗ ಏರಿ ಆಮ್ಲೀಯತೆ ಬೇಗ ಇಳಿಯುವುದರಿಂದ, ದೀರ್ಘಕಾಲ ಮಾಗುವ ವೈನ್ ತಯಾರಿಸುವುದು ಇಲ್ಲಿ ಕಷ್ಟಸಾಧ್ಯ. ಇದು ಕೊರತೆಯೆಂದು ಭಾವಿಸಬೇಕಿಲ್ಲ. ರಾಜ್ಯದ ಬಿಳಿ ಮತ್ತು ರೋಸೆ ವೈನ್‌ಗಳ ಸೊಗಸಿರುವುದೇ ತಾಜಾತನದಲ್ಲಿ. ಕೆಲವು ರಿಸರ್ವ್ ಕೆಂಪು ವೈನ್‌ಗಳಷ್ಟೇ ಕಾಯುವಿಕೆಗೆ ಪ್ರತಿಫಲ ನೀಡುತ್ತವೆ.

ಕಾಲ ಬಂದಿದೆಯೆಂದು ತಿಳಿಯುವುದು ಹೇಗೆ?

ಕೊಳ್ಳುವಾಗಲೇ ಚೀಟಿಯ ಮೇಲಿನ ಕೊಯ್ಲಿನ ವರ್ಷವನ್ನು ನೋಡಬೇಕು. ಮೂರು ವರ್ಷ ದಾಟಿದ ಅಗ್ಗದ ಬಿಳಿ ವೈನ್ ರಿಯಾಯಿತಿಯಲ್ಲಿ ದೊರೆತರೂ ನಿರಾಕರಿಸುವುದು ಜಾಣತನ. ಮನೆಯಲ್ಲಿರುವ ಬಾಟಲಿಯನ್ನು ಬೆಳಕಿಗೆ ಹಿಡಿದು, ಕತ್ತಿನಲ್ಲಿ ವೈನ್‌ನ ಮಟ್ಟ ಇಳಿದಿದೆಯೇ ಎಂದು ಪರೀಕ್ಷಿಸಬಹುದು. ಮಟ್ಟ ಬಾಟಲಿಯ ಭುಜಕ್ಕೆ ಇಳಿದಿದ್ದರೆ, ಬಿರಡೆ ಉಬ್ಬಿ ಹೊರಬಂದಿದ್ದರೆ ಕಾಯುವುದು ವ್ಯರ್ಥ.

ಅನುಭವಿಗಳು ಅನುಸರಿಸುವ ಉಪಾಯವೆಂದರೆ ಒಂದೇ ವೈನ್‌ನ ಮೂರೋ ಆರೋ ಬಾಟಲಿ ಕೊಂಡು, ವರ್ಷಕ್ಕೊಂದನ್ನು ತೆರೆದು ರುಚಿಯನ್ನು ಬರೆದಿಡುವುದು. ಒಗರು ಇನ್ನೂ ಬಿಗಿಯಾಗಿದ್ದು ಹಣ್ಣಿನ ಸಾರ ತುಂಬಿದ್ದರೆ ಉಳಿದವು ಕಾಯಬಹುದು. ಒಗರು ಮೃದುವಾಗಿ, ಹಣ್ಣು ಮತ್ತು ಮಾಗಿದ ಪರಿಮಳ ಎರಡೂ ಜತೆಗಿದ್ದರೆ ಅದೇ ಸಕಾಲ. ಹಣ್ಣಿನ ಸಾರ ಸೊರಗಿ ಹುಳಿ ಮಾತ್ರ ಉಳಿದಿದ್ದರೆ ಉಳಿದ ಬಾಟಲಿಗಳನ್ನು ತಡಮಾಡದೆ ತೆರೆಯಬೇಕು. ಇರುವುದು ಒಂದೇ ಬಾಟಲಿಯಾಗಿದ್ದು ಅನುಮಾನವಿದ್ದರೆ, ತಡವಾಗುವುದಕ್ಕಿಂತ ಮುಂಚಿತವಾಗಿ ತೆರೆಯುವುದೇ ಲೇಸು. ಬೇಗ ತೆರೆದ ವೈನ್ ಕೊಂಚ ಒರಟಾಗಿದ್ದರೂ ಕುಡಿಯಲು ಬರುತ್ತದೆ; ತಡವಾದದ್ದಕ್ಕೆ ಪರಿಹಾರವಿಲ್ಲ.

ಹಳೆಯ ಕೆಂಪು ವೈನ್ ಆಗಿದ್ದರೆ ಹಿಂದಿನ ದಿನವೇ ಬಾಟಲಿಯನ್ನು ನಿಲ್ಲಿಸಿ ಗಸಿ ಇಳಿಯಲು ಬಿಡಬೇಕು. ಕೋಣೆಯ ಉಷ್ಣಾಂಶದಲ್ಲಿ ಬಡಿಸಬೇಕೆಂಬ ಸೂಚನೆಯನ್ನು ಅಕ್ಷರಶಃ ಪಾಲಿಸಬಾರದು. ಆ ಸೂಚನೆ ಉದ್ದೇಶಿಸಿರುವುದು ಯುರೋಪಿನ 16-18 ಡಿಗ್ರಿಯ ಕೋಣೆಯನ್ನು. ಇಲ್ಲಿ ಕೆಂಪು ವೈನ್ ಅನ್ನೂ ಅರ್ಧ ಗಂಟೆ ರೆಫ್ರಿಜರೇಟರಿನಲ್ಲಿಟ್ಟು ತೆಗೆಯುವುದು ಸೂಕ್ತ. ತೆರೆದ ಬಾಟಲಿಯನ್ನು ಮತ್ತೆ ಮುಚ್ಚಿ ತಂಪಿನಲ್ಲಿಟ್ಟರೆ ಮೂರರಿಂದ ಐದು ದಿನ ಉಳಿಯುತ್ತದೆ.

ಎಚ್ಚರಿಕೆ

ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯದ ಪ್ರಮಾಣಕ್ಕೆ ಅಬಕಾರಿ ನಿಯಮಗಳ ಮಿತಿಯಿದ್ದು, ಸಂಗ್ರಹಕ್ಕೆ ಮುಂದಾಗುವವರು ಅದನ್ನು ಮೊದಲು ವಿಚಾರಿಸಿಕೊಳ್ಳಬೇಕು. ರಾಜ್ಯದ ಗಡಿ ದಾಟಿಸಿ ತರುವುದಕ್ಕೂ ಪ್ರತ್ಯೇಕ ನಿಯಮಗಳಿವೆ. ವೈನ್ ಆರೋಗ್ಯಕ್ಕೆ ಒಳ್ಳೆಯದೆಂಬ ಪ್ರಚಾರವನ್ನು ನಂಬಿ ಕುಡಿಯಲು ತೊಡಗುವುದೂ ಸಲ್ಲದು. ಮದ್ಯಸೇವನೆಯ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಬರಗಾಲಕ್ಕೆಂದು ಹಗೇವು ತುಂಬಿಸಿದ ಹಿರಿಯರಿಗೆ ಅದನ್ನು ಮುಚ್ಚುವ ಕ್ರಮವೂ ಗೊತ್ತಿತ್ತು, ತೆರೆಯುವ ಕಾಲವೂ ಗೊತ್ತಿತ್ತು. ಕಪಾಟಿನಲ್ಲಿ ನಿಂತಿರುವ ಬಾಟಲಿಗೆ ಮುಂದಿನ ಬೇಸಿಗೆ ಒಳಿತನ್ನೇನೂ ಮಾಡುವುದಿಲ್ಲ. ತಂದುಕೊಟ್ಟವರು ಮುಂದಿನ ಬಾರಿ ಊರಿಗೆ ಬಂದಾಗ ಅವರೊಂದಿಗೇ ಅದನ್ನು ತೆರೆಯುವುದು ಬಿಸಿಲು ನಾಡಿನ ಮಟ್ಟಿಗೆ ಸರಿಯಾದ ಲೆಕ್ಕ.